ಮಲಾಲಾ ಕೇಳಿದ್ದು 12 ವರ್ಷ, ನಮ್ಮ ಕಾನೂನು ಕೊಡುವುದು 8: ಹೆಣ್ಣುಮಕ್ಕಳ ಓದುವ ಹಕ್ಕು ಅಂದರೇನು?

ಬೆಂಗಳೂರಿನಲ್ಲಿ ಏಪ್ರಿಲ್, ಮೇ ತಿಂಗಳು ಬಂತೆಂದರೆ ಎಂಟನೇ ಕ್ಲಾಸು ಮುಗಿಸಿದ ಮಕ್ಕಳಿರುವ ಎಷ್ಟೋ ಮನೆಗಳಲ್ಲಿ ಒಂದು ಚಿಂತೆ ಶುರುವಾಗುತ್ತದೆ. ಆರ್‌ಟಿಇ, ಅಂದರೆ ಶಿಕ್ಷಣ ಹಕ್ಕು ಕಾಯ್ದೆಯ ಸೀಟಿನಲ್ಲಿ ಖಾಸಗಿ ಶಾಲೆಗೆ ಸೇರಿದ್ದ ಮಗುವಿಗೆ ಇಷ್ಟು ವರ್ಷ ಫೀಸಿನ ಗೊಡವೆ ಇರಲಿಲ್ಲ. ಒಂಬತ್ತನೇ ಕ್ಲಾಸಿಗೆ ಶಾಲೆಯವರು ಪೂರ್ತಿ ಫೀಸು ಕೇಳುತ್ತಾರೆ. ‘ಇಷ್ಟು ದಿನ ಫ್ರೀ ಇತ್ತಲ್ಲ, ಈಗ ಯಾಕಿಲ್ಲ?’ ಎಂದರೆ ಸಿಗುವ ಉತ್ತರ ಒಂದೇ: ‘ಕಾನೂನಲ್ಲಿ ಅಷ್ಟೇ ಇರೋದು.’

ಇದೇ ಮಕ್ಕಳು ಮಲಾಲಾ ಯೂಸುಫ್‌ಝೈ ಹೆಸರು ಕೇಳಿರುತ್ತಾರೆ. ಶಾಲೆಗೆ ಹೋಗಿದ್ದಕ್ಕೆ ಗುಂಡೇಟು ತಿಂದ ಹುಡುಗಿ, ನೊಬೆಲ್ ಪಡೆದ ಹುಡುಗಿ ಅನ್ನುವಷ್ಟು ಗೊತ್ತಿರುತ್ತದೆ. ಅವಳ ಕಥೆಗೂ ಬೆಂಗಳೂರಿನ ಪೀಣ್ಯ, ಲಗ್ಗೆರೆಯ ಫೀಸಿನ ಕಥೆಗೂ ಏನು ಸಂಬಂಧ ಅನ್ನಿಸಬಹುದು. ಸಂಬಂಧ ಇದೆ. ಹೆಣ್ಣುಮಗು ಎಷ್ಟು ವರ್ಷ ಓದಬೇಕು, ಅದನ್ನು ತೀರ್ಮಾನ ಮಾಡುವವರು ಯಾರು ಅನ್ನುವ ಪ್ರಶ್ನೆ ಎರಡು ಕಡೆಯೂ ಇದೆ. ಬುಡದಿಂದಲೇ ನೋಡೋಣ.

ಮಿಂಗೋರಾದ ಹುಡುಗಿ

ಮಲಾಲಾ ಹುಟ್ಟಿದ್ದು 1997ರ ಜುಲೈ 12ರಂದು, ಪಾಕಿಸ್ತಾನದ ವಾಯವ್ಯ ಭಾಗದ ಸ್ವಾತ್ ಕಣಿವೆಯ ಮಿಂಗೋರಾ ಪಟ್ಟಣದಲ್ಲಿ. ಅಪ್ಪ ಜಿಯಾವುದ್ದೀನ್ ಅಲ್ಲಿ ಖುಶಾಲ್ ಎಂಬ ಶಾಲೆ ನಡೆಸುತ್ತಿದ್ದರು. ಅಮ್ಮ ತೂರ್ ಪೆಕಾಯ್ ಮಾತ್ರ ಚಿಕ್ಕಂದಿನಲ್ಲೇ ಶಾಲೆ ಬಿಟ್ಟವರು. ಶಾಲೆ ನಡೆಸುವ ಮನೆಯಲ್ಲೇ ಓದು ಬಾರದ ತಾಯಿ. ಮಲಾಲಾ ಈ ಎರಡನ್ನೂ ನೋಡುತ್ತಾ ಬೆಳೆದಳು.

2007ರ ಹೊತ್ತಿಗೆ ಸ್ವಾತ್‌ನಲ್ಲಿ ಪಾಕಿಸ್ತಾನಿ ತಾಲಿಬಾನ್ ಹಿಡಿತ ಬಿಗಿಯಾಯಿತು. ಅವರ ಅಲ್ಲಿನ ಮುಖಂಡ ಫಜ್ಲುಲ್ಲಾ ಎಫ್‌ಎಂ ರೇಡಿಯೊದಲ್ಲಿ ದಿನವೂ ಭಾಷಣ ಮಾಡುತ್ತಿದ್ದ. ಟಿವಿ ಬೇಡ, ಸಂಗೀತ ಬೇಡ, ಹುಡುಗಿಯರಿಗೆ ಶಾಲೆ ಬೇಡ. ಶಾಲೆ ಬಿಟ್ಟ ಹುಡುಗಿಯರ ಹೆಸರು ಹೇಳಿ ಹೊಗಳುತ್ತಿದ್ದ. ಊರೂರಲ್ಲಿ ಶಾಲೆಗಳನ್ನು ಸ್ಫೋಟಿಸಿದರು. ಕೊನೆಗೆ ಒಂದು ಗಡುವು ಬಂತು: 2009ರ ಜನವರಿ 15ರ ನಂತರ ಯಾವ ಹುಡುಗಿಯೂ ಶಾಲೆಗೆ ಹೋಗುವಂತಿಲ್ಲ.

ಆ ದಿನಗಳಲ್ಲಿ ಬಿಬಿಸಿ ಉರ್ದು ವಿಭಾಗದವರು ಅಲ್ಲಿನ ಶಾಲಾ ಹುಡುಗಿಯೊಬ್ಬಳ ದಿನಚರಿ ಪ್ರಕಟಿಸಲು ಮುಂದಾದರು. ಹೆಸರು ಹೊರಗೆ ಬಂದರೆ ಜೀವಕ್ಕೇ ಅಪಾಯ. ಹನ್ನೊಂದು ವರ್ಷದ ಮಲಾಲಾ ‘ಗುಲ್ ಮಕಾಯ್’ ಎಂಬ ಹೆಸರಿನಲ್ಲಿ ಬರೆದಳು.

ಆ ದಿನಚರಿಯಲ್ಲಿ ದೊಡ್ಡ ಮಾತುಗಳಿಲ್ಲ. ಒಂದು ದಿನ ಬರೆಯುತ್ತಾಳೆ: ಇವತ್ತು ಕ್ಲಾಸಿನ 27 ಜನರಲ್ಲಿ ಬಂದಿದ್ದು 11 ಜನ. ಇನ್ನೊಂದು ದಿನ ಯೂನಿಫಾರ್ಮ್ ಹಾಕಿಕೊಳ್ಳಲು ಹೋಗಿ, ಅದನ್ನು ಹಾಕಿಕೊಂಡು ಬರಬೇಡಿ ಎಂದು ಶಾಲೆಯಲ್ಲಿ ಹೇಳಿದ್ದು ನೆನಪಾಗುತ್ತದೆ. ಇಷ್ಟದ ಗುಲಾಬಿ ಬಣ್ಣದ ಬಟ್ಟೆ ಹಾಕಿಕೊಂಡು ಹೋಗುತ್ತಾಳೆ. ಬೆಳಗಿನ ಅಸೆಂಬ್ಲಿಯಲ್ಲಿ ಬಣ್ಣಬಣ್ಣದ ಬಟ್ಟೆಯೂ ಬೇಡ, ತಾಲಿಬಾನ್‌ನವರು ತಕರಾರು ಮಾಡುತ್ತಾರೆ ಅನ್ನುತ್ತಾರೆ. ಗಡುವಿನ ಹಿಂದಿನ ದಿನ, ಜನವರಿ 14ಕ್ಕೆ, ಚಳಿಗಾಲದ ರಜೆ ಘೋಷಣೆಯಾಗುತ್ತದೆ. ಮುಖ್ಯೋಪಾಧ್ಯಾಯಿನಿ ರಜೆ ಅಂದರೇ ಹೊರತು ಶಾಲೆ ಮತ್ತೆ ಯಾವತ್ತು ತೆರೆಯುತ್ತದೆ ಎಂದು ಹೇಳಲಿಲ್ಲ, ಹೀಗಾಗಿದ್ದು ಇದೇ ಮೊದಲು ಎಂದು ಬರೆದಿದ್ದಾಳೆ. ಆ ದಿನ ಹುಡುಗಿಯರು ಶಾಲೆಯ ಅಂಗಳದಲ್ಲಿ ಎಂದಿಗಿಂತ ಹೆಚ್ಚು ಹೊತ್ತು ಆಡಿದರು.

2009ರ ಮೇ ತಿಂಗಳಲ್ಲಿ ಪಾಕಿಸ್ತಾನದ ಸೇನೆ ಕಾರ್ಯಾಚರಣೆ ಶುರು ಮಾಡಿತು. ಲಕ್ಷಾಂತರ ಜನ ಮನೆ ಬಿಟ್ಟು ಹೋದರು, ಮಲಾಲಾ ಕುಟುಂಬವೂ. ವಾಪಸ್ ಬಂದ ಮೇಲೆ ಅವಳು ತನ್ನದೇ ಹೆಸರಿನಲ್ಲಿ, ಎಲ್ಲರೆದುರು ಮಾತಾಡತೊಡಗಿದಳು. 2011ರಲ್ಲಿ ಪಾಕಿಸ್ತಾನ ಸರ್ಕಾರ ಅವಳಿಗೆ ಯುವ ಶಾಂತಿ ಪ್ರಶಸ್ತಿ ಕೊಟ್ಟಿತು.

2012ರ ಅಕ್ಟೋಬರ್ 9. ಪರೀಕ್ಷೆ ಬರೆದು ಶಾಲೆಯ ವ್ಯಾನಿನಲ್ಲಿ ಮನೆಗೆ ಹೋಗುತ್ತಿದ್ದಾಗ ಬಂದೂಕುಧಾರಿಯೊಬ್ಬ ವ್ಯಾನ್ ಹತ್ತಿ, ಮಲಾಲಾ ಯಾರು ಎಂದು ಕೇಳಿ ಗುಂಡು ಹಾರಿಸಿದ. ಅವಳಿಗೆ 15 ವರ್ಷ. ಜೊತೆಗಿದ್ದ ಶಾಜಿಯಾ ರಮ್ಜಾನ್, ಕೈನಾತ್ ರಿಯಾಜ್ ಅವರಿಗೂ ಗಾಯವಾಯಿತು. ಈ ಇಬ್ಬರನ್ನು ಲೋಕ ಬೇಗ ಮರೆತಿದ್ದು ನನಗೆ ಯಾವಾಗಲೂ ಬೇಜಾರಿನ ಸಂಗತಿ. ಪೇಶಾವರದಲ್ಲಿ ಶಸ್ತ್ರಚಿಕಿತ್ಸೆ ಆಯಿತು, ಆಮೇಲೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ಗೆ ಕರೆದುಕೊಂಡು ಹೋದರು. ಬದುಕಿ ಬಂದ ಮಲಾಲಾ 2013ರಲ್ಲಿ, ತನ್ನ ಹದಿನಾರನೇ ಹುಟ್ಟುಹಬ್ಬದ ದಿನ, ವಿಶ್ವಸಂಸ್ಥೆಯಲ್ಲಿ ಭಾಷಣ ಮಾಡಿದಳು. 2014ರಲ್ಲಿ, 17ನೇ ವಯಸ್ಸಿಗೆ, ನಮ್ಮ ಕೈಲಾಶ್ ಸತ್ಯಾರ್ಥಿ ಅವರ ಜೊತೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ನೊಬೆಲ್ ಪಡೆದವರಲ್ಲಿ ಅವರೇ ಅತಿ ಕಿರಿಯರು. ಮುಂದೆ ಆಕ್ಸ್‌ಫರ್ಡ್‌ನಲ್ಲಿ ಓದಿ 2020ರಲ್ಲಿ ಪದವಿ ಮುಗಿಸಿದರು.

ಗುಂಡೇಟಿನ ಕಥೆ ಎಲ್ಲರಿಗೂ ನೆನಪಿದೆ. ಅವರು ಕೇಳುತ್ತಿದ್ದುದು ಏನು ಅನ್ನುವುದು ಮಾತ್ರ ಅದರ ಹಿಂದೆ ಮರೆಯಾಗಿಬಿಟ್ಟಿದೆ. ಅದನ್ನು ತಿಳಿಯಲು ‘ಹಕ್ಕು’ ಅನ್ನುವುದನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಹಕ್ಕಿನಲ್ಲಿ ಮೂರು ಪದರ

ಮನೆಗೆ ಕಾವೇರಿ ನೀರಿನ ಕನೆಕ್ಷನ್ ಇದೆ ಅಂದುಕೊಳ್ಳಿ. ನೀರು ನಿಮ್ಮ ಬಿಂದಿಗೆಗೆ ಬೀಳಬೇಕಾದರೆ ಮೂರು ವಿಷಯ ಸರಿಯಿರಬೇಕು. ಯಾರೂ ನಿಮ್ಮ ಪೈಪು ಒಡೆಯಬಾರದು. ಜಲಮಂಡಳಿ ಆ ಪೈಪಿನಲ್ಲಿ ನೀರು ಬಿಡಬೇಕು. ನೀರು ಬಿಡುವ ಹೊತ್ತಿನಲ್ಲಿ ಹಿಡಿದುಕೊಳ್ಳಲು ಮನೆಯಲ್ಲಿ ಯಾರಾದರೂ ಇರಬೇಕು. ಮೂರರಲ್ಲಿ ಒಂದು ತಪ್ಪಿದರೂ ಬಿಂದಿಗೆ ಖಾಲಿ. ಕನೆಕ್ಷನ್ ಇದೆ ಅನ್ನುವ ಕಾಗದ ಮಾತ್ರ ಕೈಯಲ್ಲಿರುತ್ತದೆ.

ಓದುವ ಹಕ್ಕೂ ಹೀಗೇ. ಮೊದಲನೆಯದು, ಮಗು ಶಾಲೆಗೆ ಹೋಗುವುದನ್ನು ಯಾರೂ ತಡೆಯಬಾರದು. ಸ್ವಾತ್‌ನಲ್ಲಿ ತಾಲಿಬಾನ್ ಮುರಿದದ್ದು ಇದನ್ನು. ಎರಡನೆಯದು, ಸರ್ಕಾರ ಶಾಲೆ, ಟೀಚರು, ಪುಸ್ತಕ ಒದಗಿಸಬೇಕು. ಮೂರನೆಯದು, ಆ ಮಗು ದಿನವೂ ಶಾಲೆ ತಲುಪಿ, ಕೂತು, ಕಲಿಯುವಂತೆ ಇರಬೇಕು. ದಾರಿ ಸುರಕ್ಷಿತವಾಗಿರಬೇಕು, ಶೌಚಾಲಯ ಇರಬೇಕು, ಮನೆಯ ಕೆಲಸ ಅವಳನ್ನು ಹಿಡಿದಿಟ್ಟುಕೊಳ್ಳಬಾರದು, ಮದುವೆ ಮಧ್ಯೆ ಬರಬಾರದು.

ಮೊದಲನೆಯದು ಮುರಿದಾಗ ಸುದ್ದಿಯಾಗುತ್ತದೆ. ಎರಡು, ಮೂರು ಮುರಿದರೆ ಸದ್ದೇ ಇರುವುದಿಲ್ಲ. ಆ ಹುಡುಗಿ ಹಾಜರಿ ಪುಸ್ತಕದಲ್ಲಿ ಇರುತ್ತಾಳೆ, ಆಮೇಲೊಂದು ದಿನ ಇರುವುದಿಲ್ಲ, ಅಷ್ಟೇ. ಜಗತ್ತಿನಲ್ಲಿ ಸುಮಾರು 12 ಕೋಟಿ ಹುಡುಗಿಯರು ಶಾಲೆಯ ಹೊರಗಿದ್ದಾರೆ ಎಂದು ಯುನೆಸ್ಕೊ 2023ರಲ್ಲಿ ಹೇಳಿತ್ತು. ಇವರಲ್ಲಿ ಬಂದೂಕಿನ ಭಯಕ್ಕಿಂತ ಬಡತನ, ದೂರ, ಮದುವೆಯಿಂದಾಗಿ ಹೊರಗುಳಿದವರೇ ಜಾಸ್ತಿ.

ಪಾಕಿಸ್ತಾನವನ್ನೇ ನೋಡಿ. ಅಲ್ಲಿನ ಸಂವಿಧಾನಕ್ಕೆ 2010ರಲ್ಲಿ 25ಎ ವಿಧಿ ಸೇರಿತು. 5ರಿಂದ 16 ವರ್ಷದ ಎಲ್ಲ ಮಕ್ಕಳಿಗೂ ಉಚಿತ, ಕಡ್ಡಾಯ ಶಿಕ್ಷಣ ಎಂದು ಅದು ಹೇಳುತ್ತದೆ. ಕಾಗದದ ಮೇಲೆ ನಮಗಿಂತ ಎರಡು ವರ್ಷ ಮುಂದೆ! ಆದರೂ ಅಲ್ಲಿ 2.5 ಕೋಟಿಗೂ ಹೆಚ್ಚು ಮಕ್ಕಳು ಶಾಲೆಗೆ ಹೋಗುತ್ತಿಲ್ಲ. ಅಂದರೆ ಕಾನೂನು ಬಂದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಹಾಗಂತ ಕಾನೂನೇ ಇಲ್ಲದಿದ್ದರೆ ಕೇಳಲು ನಮಗೆ ಆಧಾರವೂ ಇರುವುದಿಲ್ಲ.

ಯಾಕೆ 12 ವರ್ಷ?

2014ರ ಡಿಸೆಂಬರ್ 10ರಂದು ಆಸ್ಲೋದಲ್ಲಿ ಮಾಡಿದ ನೊಬೆಲ್ ಭಾಷಣದಲ್ಲಿ ಮಲಾಲಾ ಒಂದು ನೇರ ಪ್ರಶ್ನೆ ಇಟ್ಟರು. ದೇಶಗಳನ್ನು ಆಳುವವರ ಮಕ್ಕಳು ಬೀಜಗಣಿತ, ಭೌತಶಾಸ್ತ್ರದ ಹೋಮ್‌ವರ್ಕ್ ಮಾಡುತ್ತಾರೆ. ಬಡ ದೇಶದ ಮಕ್ಕಳಿಗೆ ಮಾತ್ರ ಓದು ಬರಹ ಬಂದರೆ ಸಾಕು ಎಂದು ಆ ನಾಯಕರು ಹೇಗೆ ಒಪ್ಪಿಕೊಳ್ಳುತ್ತಾರೆ?

ಇದಕ್ಕೊಂದು ಹಿನ್ನೆಲೆ ಇದೆ. 2000ದಿಂದ 2015ರವರೆಗೆ ವಿಶ್ವಸಂಸ್ಥೆಯ ಗುರಿ ಇದ್ದದ್ದು ‘ಎಲ್ಲರಿಗೂ ಪ್ರಾಥಮಿಕ ಶಿಕ್ಷಣ’. ಅದಕ್ಕೂ ಮುಂಚೆ 1948ರ ಮಾನವ ಹಕ್ಕುಗಳ ಘೋಷಣೆಯ 26ನೇ ವಿಧಿ ಕೂಡ ಕಡ್ಡಾಯ ಎಂದಿದ್ದು ಆರಂಭಿಕ ಶಿಕ್ಷಣವನ್ನು ಮಾತ್ರ. ಮಲಾಲಾ ಮತ್ತು 2013ರಲ್ಲಿ ಶುರುವಾದ ಮಲಾಲಾ ಫಂಡ್ ಅದಕ್ಕಿಂತ ಮುಂದೆ ಹೋಗಿ ಕೇಳಿದ್ದು 12 ವರ್ಷದ ಉಚಿತ, ಸುರಕ್ಷಿತ, ಒಳ್ಳೆಯ ಗುಣಮಟ್ಟದ ಓದು. ನಮ್ಮ ಲೆಕ್ಕದಲ್ಲಿ ಒಂದನೇ ಕ್ಲಾಸಿನಿಂದ ಸೆಕೆಂಡ್ ಪಿಯುವರೆಗೆ. 2015ರಲ್ಲಿ ವಿಶ್ವಸಂಸ್ಥೆ ಹೊಸ ಗುರಿಗಳನ್ನು ಒಪ್ಪಿದಾಗ ಪ್ರೌಢಶಿಕ್ಷಣವೂ ಸೇರಿತು. 2030ರ ಹೊತ್ತಿಗೆ ಎಲ್ಲ ಹುಡುಗ ಹುಡುಗಿಯರೂ ಪ್ರಾಥಮಿಕ ಮತ್ತು ಪ್ರೌಢ ಎರಡನ್ನೂ ಉಚಿತವಾಗಿ ಮುಗಿಸಬೇಕು ಎಂಬುದು ಆ ಗುರಿ. ಭಾರತವೂ ಇದನ್ನು ಒಪ್ಪಿದೆ.

ಎಂಟು, ಹನ್ನೆರಡು ಅನ್ನುವ ಈ ವ್ಯತ್ಯಾಸ ಸಣ್ಣದಲ್ಲ. ನರ್ಸಿಂಗ್, ಡಿಪ್ಲೊಮಾ, ಪೊಲೀಸ್ ಕಾನ್‌ಸ್ಟೆಬಲ್, ಬ್ಯಾಂಕ್, ಟೀಚರ್ ಟ್ರೈನಿಂಗ್, ಯಾವುದಕ್ಕೆ ಅರ್ಜಿ ಹಾಕಬೇಕಾದರೂ ಎಸ್‌ಎಸ್‌ಎಲ್‌ಸಿ ಇಲ್ಲವೇ ಪಿಯುಸಿ ಬೇಕು, ಇಲ್ಲ ಅದಕ್ಕಿಂತ ಜಾಸ್ತಿ ಓದಿರಬೇಕು. ಎಂಟನೇ ಕ್ಲಾಸಿನ ಸರ್ಟಿಫಿಕೇಟ್ ಹಿಡಿದುಕೊಂಡು ಹೋದರೆ ಬಾಗಿಲು ತೆರೆಯುವ ಕೆಲಸಗಳು ಬೆರಳೆಣಿಕೆ. ಅವೂ ಕಡಿಮೆ ಸಂಬಳದವು.

14 ಅನ್ನುವ ಸಂಖ್ಯೆ ಎಲ್ಲಿಂದ ಬಂತು?

ನಮ್ಮ ಸಂವಿಧಾನ ಜಾರಿಗೆ ಬಂದಾಗ ಶಿಕ್ಷಣ ಮೂಲಭೂತ ಹಕ್ಕು ಆಗಿರಲಿಲ್ಲ. ಮೂಲಭೂತ ಹಕ್ಕು ಅಂದರೆ, ಅದು ಸಿಗದಿದ್ದರೆ ನೀವು ನೇರವಾಗಿ ಕೋರ್ಟಿಗೆ ಹೋಗಬಹುದು. ಶಿಕ್ಷಣ ಇದ್ದದ್ದು 45ನೇ ವಿಧಿಯಲ್ಲಿ, ಸರ್ಕಾರಕ್ಕೆ ದಾರಿ ತೋರಿಸುವ ನಿರ್ದೇಶಕ ತತ್ವಗಳ ಸಾಲಿನಲ್ಲಿ. ಹತ್ತು ವರ್ಷದೊಳಗೆ 14 ವರ್ಷದವರೆಗಿನ ಎಲ್ಲ ಮಕ್ಕಳಿಗೂ ಉಚಿತ, ಕಡ್ಡಾಯ ಶಿಕ್ಷಣ ಕೊಡಲು ಪ್ರಯತ್ನಿಸಬೇಕು ಎಂದು ಅದು ಹೇಳಿತ್ತು. 1960 ಬಂತು, ಹೋಯಿತು. ಆಗಲಿಲ್ಲ.

14ರ ಹಿಂದಿನ ತರ್ಕ ಚೆನ್ನಾಗಿದೆ. ಸಂವಿಧಾನ ಸಭೆಯಲ್ಲಿ 1948ರ ನವೆಂಬರಿನಲ್ಲಿ ಇದರ ಚರ್ಚೆ ಬಂದಾಗ, ಸದಸ್ಯರೊಬ್ಬರು ಪ್ರಾಥಮಿಕ ಶಿಕ್ಷಣಕ್ಕಷ್ಟೇ ಇದನ್ನು ಸೀಮಿತ ಮಾಡೋಣ ಎಂದರು. ಅಂಬೇಡ್ಕರ್ ಒಪ್ಪಲಿಲ್ಲ. 14 ವರ್ಷದೊಳಗಿನ ಮಗುವನ್ನು ಕೆಲಸಕ್ಕೆ ಇಟ್ಟುಕೊಳ್ಳಬಾರದು ಎಂದು ಇನ್ನೊಂದು ವಿಧಿಯಲ್ಲಿ ಹೇಳಿದ್ದೇವೆ, ಕೆಲಸಕ್ಕೆ ಹೋಗಬಾರದ ಮಗು ಶಾಲೆಯಲ್ಲಿರಬೇಕು ಅನ್ನುವುದು ಅವರ ವಾದ. ಈ ತರ್ಕವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಶಿಕ್ಷಣ ಹಕ್ಕಾಗುವ ದಾರಿಯಲ್ಲಿ ಕರ್ನಾಟಕಕ್ಕೂ ಒಂದು ಪಾತ್ರ ಇದೆ. ಉತ್ತರ ಪ್ರದೇಶದ ಮೋಹಿನಿ ಜೈನ್ ಎಂಬ ವಿದ್ಯಾರ್ಥಿನಿಗೆ ನಮ್ಮ ರಾಜ್ಯದ ಖಾಸಗಿ ಮೆಡಿಕಲ್ ಕಾಲೇಜೊಂದು ವರ್ಷಕ್ಕೆ 60,000 ರೂಪಾಯಿ ಕೇಳಿತು. ಹೊರರಾಜ್ಯದವರಿಗೆ ಅಷ್ಟು ಫೀಸು ಎಂದು ಆಗ ಸರ್ಕಾರವೇ ನಿಗದಿ ಮಾಡಿತ್ತು. ಕಟ್ಟಲಾಗದೆ ಅವರು ಸುಪ್ರೀಂ ಕೋರ್ಟಿಗೆ ಹೋದರು. ಘನತೆಯಿಂದ ಬದುಕುವ ಹಕ್ಕಿನಲ್ಲೇ ಶಿಕ್ಷಣದ ಹಕ್ಕೂ ಸೇರಿದೆ ಎಂದು ಕೋರ್ಟು 1992ರಲ್ಲಿ ‘ಮೋಹಿನಿ ಜೈನ್ ವಿರುದ್ಧ ಕರ್ನಾಟಕ ರಾಜ್ಯ’ ತೀರ್ಪಿನಲ್ಲಿ ಹೇಳಿತು. ಮರುವರ್ಷ ಉನ್ನಿಕೃಷ್ಣನ್ ಪ್ರಕರಣದಲ್ಲಿ ಅದೇ ಕೋರ್ಟು ಸ್ವಲ್ಪ ಹಿಂದೆ ಸರಿದು, ಈ ಹಕ್ಕು ಇರುವುದು 14 ವರ್ಷದವರೆಗೆ, ಆಮೇಲೆ ಸರ್ಕಾರದ ಆರ್ಥಿಕ ಶಕ್ತಿಗೆ ಬಿಟ್ಟದ್ದು ಎಂದಿತು. 2002ರಲ್ಲಿ 86ನೇ ತಿದ್ದುಪಡಿಯಿಂದ 21ಎ ವಿಧಿ ಬಂತು. 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣ ಮೂಲಭೂತ ಹಕ್ಕಾಯಿತು. ಅದನ್ನು ಜಾರಿ ಮಾಡಲು 2009ರಲ್ಲಿ ಕಾಯ್ದೆ ಆಯಿತು, 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ನಾವೆಲ್ಲ ಆರ್‌ಟಿಇ ಅನ್ನುವುದು ಇದನ್ನೇ.

ಆರ್‌ಟಿಇ ಅಂದರೆ ಬರೀ ಸೀಟಲ್ಲ

ಬೆಂಗಳೂರಿನಲ್ಲಿ ಆರ್‌ಟಿಇ ಅಂದರೆ ‘ಖಾಸಗಿ ಶಾಲೆಯಲ್ಲಿ ಫ್ರೀ ಸೀಟು’ ಅನ್ನುವ ಅರ್ಥ ಬಂದುಬಿಟ್ಟಿದೆ. ಅದು ಕಾಯ್ದೆಯ ಒಂದು ಭಾಗ ಮಾತ್ರ. 12ನೇ ಸೆಕ್ಷನ್ ಪ್ರಕಾರ ಖಾಸಗಿ ಶಾಲೆಗಳು ಪ್ರವೇಶದ ಹಂತದಲ್ಲಿ ಶೇ 25ರಷ್ಟು ಸೀಟುಗಳನ್ನು ಬಡ ಮತ್ತು ಹಿಂದುಳಿದ ಕುಟುಂಬದ ಮಕ್ಕಳಿಗೆ ಕೊಡಬೇಕು. ಎಂಟನೇ ಕ್ಲಾಸು ಮುಗಿಯುವವರೆಗೆ ಅವರ ಪರವಾಗಿ ಸರ್ಕಾರ ಶಾಲೆಗೆ ಹಣ ಕೊಡುತ್ತದೆ. 2019ರಲ್ಲಿ ಕರ್ನಾಟಕ ನಿಯಮ ಬದಲಿಸಿ, ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯ ಸೀಟು ಇಲ್ಲ ಎಂದಿತು. ಬೆಂಗಳೂರಿನಂಥ ಕಡೆ ಸೀಟುಗಳು ತುಂಬಾ ಕಡಿಮೆಯಾದವು.

ಕಾಯ್ದೆಯ ಉಳಿದ ಭಾಗ ಇನ್ನೂ ಮುಖ್ಯ. ‘ಕಡ್ಡಾಯ’ ಅನ್ನುವುದನ್ನು ಕೇಳಿ ಎಷ್ಟೋ ಜನ ‘ಕಳಿಸದಿದ್ದರೆ ನಮಗೆ ದಂಡ ಹಾಕ್ತಾರಾ?’ ಎಂದು ಹೆದರುತ್ತಾರೆ. ಇಲ್ಲ. ಇಲ್ಲಿ ಕಡ್ಡಾಯ ಇರುವುದು ಸರ್ಕಾರಕ್ಕೆ. ಮಗು ಶಾಲೆಗೆ ಸೇರುವುದು, ದಿನವೂ ಬರುವುದು, ಎಂಟನೇ ಕ್ಲಾಸು ಮುಗಿಸುವುದು, ಈ ಮೂರನ್ನೂ ನೋಡಿಕೊಳ್ಳುವ ಹೊಣೆ ಅದರದು.

ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಬಂದು ಬೆಂಗಳೂರಿನ ಕಟ್ಟಡಗಳ ಪಕ್ಕದ ಶೀಟು ಮನೆಗಳಲ್ಲಿ ಇರುವ ಕುಟುಂಬಗಳಿಗೆ ಈ ಕಾಯ್ದೆಯ ಕೆಲವು ಸಾಲು ಬಹಳ ಬೇಕಾದವು. ಟಿಸಿ ಬಂದಿಲ್ಲ ಎಂದು ಸರ್ಕಾರಿ ಶಾಲೆ ಮಗುವನ್ನು ವಾಪಸ್ ಕಳಿಸುವಂತಿಲ್ಲ. ಜನನ ಪ್ರಮಾಣಪತ್ರ ಇಲ್ಲ ಎಂದೂ ನಿರಾಕರಿಸುವಂತಿಲ್ಲ. ಹತ್ತು ವರ್ಷದ ಮಗು ಇದುವರೆಗೆ ಶಾಲೆಗೇ ಹೋಗಿಲ್ಲದಿದ್ದರೆ ಅದನ್ನು ಒಂದನೇ ಕ್ಲಾಸಿನಲ್ಲಿ ಪುಟ್ಟ ಮಕ್ಕಳ ಜೊತೆ ಕೂರಿಸುವಂತಿಲ್ಲ. ವಯಸ್ಸಿಗೆ ತಕ್ಕ ಕ್ಲಾಸಿಗೆ ಸೇರಿಸಿಕೊಂಡು ಬೇರೆಯಾಗಿ ಪಾಠ ಹೇಳಿ ಸರಿದೂಗಿಸಬೇಕು.

14 ಮತ್ತು 18ರ ನಡುವೆ

ನಮ್ಮ ಬೀದಿಯಲ್ಲಿ ಒಬ್ಬ ಅಕ್ಕ ಇದ್ದಾರೆ. ಪೀಣ್ಯದ ಗಾರ್ಮೆಂಟ್ಸಿನಲ್ಲಿ ಟೈಲರ್. ಮಗಳು ಆರ್‌ಟಿಇ ಸೀಟಿನಲ್ಲಿ ಇಂಗ್ಲಿಷ್ ಮೀಡಿಯಂನಲ್ಲಿ ಎಂಟರವರೆಗೆ ಓದಿದಳು. ಮಗ ಬೇರೆ ಖಾಸಗಿ ಶಾಲೆಯಲ್ಲಿ ಐದನೇ ಕ್ಲಾಸು, ಅವನಿಗೆ ಫೀಸು ಕಟ್ಟುತ್ತಿದ್ದರು. ಒಂಬತ್ತನೇ ಕ್ಲಾಸಿನ ಫೀಸಿನ ಚೀಟಿ ಬಂದ ದಿನ ಅವರು ಎರಡು ಚೀಟಿಗಳನ್ನೂ ಟೀಪಾಯಿ ಮೇಲೆ ಅಕ್ಕಪಕ್ಕ ಇಟ್ಟುಕೊಂಡು ಕೂತಿದ್ದರು. ‘ಬೋನಸ್ ಬರೋದು ದೀಪಾವಳಿಗೆ, ಇವರು ಕೇಳೋದು ಜೂನ್‌ಗೆ’ ಎಂದರು. ಗಂಡನ ಮಾತು ಸರಳವಾಗಿತ್ತು: ‘ಹುಡುಗನ್ನ ಅಲ್ಲೇ ಬಿಡೋಣ, ಇವಳನ್ನ ಸರ್ಕಾರಿ ಹೈಸ್ಕೂಲಿಗೆ ಹಾಕೋಣ.’

ಸರ್ಕಾರಿ ಹೈಸ್ಕೂಲಿಗೆ ಹೋಗುವುದರಲ್ಲಿ ತಪ್ಪೇನಿಲ್ಲ. ಎಷ್ಟೋ ಕಡೆ ಅಲ್ಲಿನ ಟೀಚರುಗಳು ತುಂಬಾ ಚೆನ್ನಾಗಿ ಪಾಠ ಮಾಡುತ್ತಾರೆ. ತೊಂದರೆ ಬೇರೆ. ಹತ್ತಿರದ ಹೈಸ್ಕೂಲು ಕನ್ನಡ ಮೀಡಿಯಂ. ಇಷ್ಟು ವರ್ಷ ಇಂಗ್ಲಿಷಿನಲ್ಲಿ ಕಲಿತ ಗಣಿತ, ವಿಜ್ಞಾನವನ್ನು ಎಸ್‌ಎಸ್‌ಎಲ್‌ಸಿಗೆ ಎರಡೇ ವರ್ಷ ಇರುವಾಗ ಕನ್ನಡದಲ್ಲಿ ಹೊಸದಾಗಿ ಕಲಿಯಬೇಕು. ಆ ಹುಡುಗಿ ಈಗ ಎರಡೂ ಮೀಡಿಯಂನ ಪುಸ್ತಕಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಓದುತ್ತಾಳೆ. ಅಮ್ಮ ಬೆಳಿಗ್ಗೆ ಎಂಟಕ್ಕೆ ಕೆಲಸಕ್ಕೆ ಹೊರಟ ಮೇಲೆ ತಮ್ಮನಿಗೆ ಟಿಫನ್ ಡಬ್ಬಿ ಕಟ್ಟಿ ವ್ಯಾನ್ ಹತ್ತಿಸುವುದೂ ಅವಳದೇ ಕೆಲಸ.

ಈ ಮನೆಯಲ್ಲಿ ಯಾರೂ ಕೆಟ್ಟವರಲ್ಲ. ಯಾರೂ ಅವಳಿಗೆ ಓದಬೇಡ ಎಂದಿಲ್ಲ. ಕಾನೂನು ಕೈಬಿಟ್ಟ ಜಾಗದಲ್ಲಿ ಮನೆಯ ಲೆಕ್ಕ ಶುರುವಾಗುತ್ತದೆ, ಆ ಲೆಕ್ಕದಲ್ಲಿ ಹೆಣ್ಣುಮಗುವಿನ ಚೀಟಿ ಎರಡನೆಯದಾಗುತ್ತದೆ.

ಈಗ ಅಂಬೇಡ್ಕರ್ ತರ್ಕಕ್ಕೆ ಬರೋಣ. ದುಡಿಯಬಾರದ ವಯಸ್ಸಿನಲ್ಲಿ ಮಗು ಶಾಲೆಯಲ್ಲಿರಬೇಕು ಅನ್ನುವುದು ಅದರ ಸಾರ. ನಮ್ಮ ಇವತ್ತಿನ ಕಾನೂನುಗಳನ್ನು ಸಾಲಾಗಿ ಇಟ್ಟು ನೋಡಿ. ಶಿಕ್ಷಣದ ಹಕ್ಕು 14ಕ್ಕೆ ಮುಗಿಯುತ್ತದೆ. ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿ 14ರೊಳಗಿನ ಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಳ್ಳುವುದನ್ನು ನಿಷೇಧಿಸಿತು. 14ರಿಂದ 18ರವರಿಗೆ ಅಪಾಯಕಾರಿ ಕೆಲಸಗಳಿಗೆ ಮಾತ್ರ ನಿಷೇಧ. ಮದುವೆಗೆ ಹುಡುಗಿಗೆ 18 ತುಂಬಿರಬೇಕು. ಹೀಗಾಗಿ 14 ಮತ್ತು 18ರ ಮಧ್ಯದ ನಾಲ್ಕು ವರ್ಷ ಹುಡುಗಿ ಮದುವೆ ಆಗುವಂತಿಲ್ಲ, ಆದರೆ ಶಾಲೆಯಲ್ಲಿ ಇರಲೇಬೇಕು ಎಂದು ಯಾವ ಕಾನೂನೂ ಹೇಳುವುದಿಲ್ಲ. ಮನೆಯಲ್ಲಿ ನೀರು ತುಂಬುವುದು, ಅಡುಗೆ ಮಾಡುವುದು, ತಮ್ಮ ತಂಗಿಯರನ್ನು ನೋಡಿಕೊಳ್ಳುವುದು ಯಾವ ಕಾಯ್ದೆಯ ಲೆಕ್ಕಕ್ಕೂ ‘ಕೆಲಸ’ ಅಲ್ಲ. ಮಲಾಲಾ ಕೇಳಿದ 12 ವರ್ಷದಲ್ಲಿ ಕೊನೆಯ ನಾಲ್ಕು ವರ್ಷ ಬರುವುದು ಸರಿಯಾಗಿ ಇಲ್ಲೇ.

2020ರ ರಾಷ್ಟ್ರೀಯ ಶಿಕ್ಷಣ ನೀತಿ 3ರಿಂದ 18 ವರ್ಷದವರೆಗೆ ಎಲ್ಲರಿಗೂ ಶಿಕ್ಷಣ ಸಿಗಬೇಕು ಎಂದಿದೆ. ಆದರೆ ನೀತಿ ಬೇರೆ, ಕಾನೂನು ಬೇರೆ. ನೀತಿ ಪಾಲಿಸಿಲ್ಲ ಎಂದು ನೀವು ಕೋರ್ಟಿಗೆ ಹೋಗಲು ಬರುವುದಿಲ್ಲ. ಕೇಂದ್ರದ ಕಾಯ್ದೆ ಎಂಟನೇ ಕ್ಲಾಸು ಅಂದಿರುವುದು ಕನಿಷ್ಠ ಮಿತಿ. ಅದಕ್ಕಿಂತ ಮುಂದೆ ಹೋಗಿ ಒಂಬತ್ತು, ಹತ್ತಕ್ಕೂ ಹಣ ಕೊಡುತ್ತೇವೆ ಎಂದು ರಾಜ್ಯ ಸರ್ಕಾರ ತೀರ್ಮಾನಿಸಿದರೆ ಅದು ಬೇಡ ಅನ್ನುವುದಿಲ್ಲ.

ಹುಡುಗರಿಗೂ ಇದೇ ಕಾನೂನು ತಾನೇ?

ಹೌದು, ಕಾನೂನು ಇಬ್ಬರಿಗೂ ಒಂದೇ. ಹುಡುಗರೂ ಶಾಲೆ ಬಿಡುತ್ತಾರೆ, ಕೆಲಸಕ್ಕೆ ಹೋಗುತ್ತಾರೆ. ಆದರೆ ಹುಡುಗಿಯರಿಗೆ ಅಡ್ಡ ಬರುವ ಕಾರಣಗಳು ಹೆಚ್ಚು, ಅವೆಲ್ಲ ಒಂದೇ ವಯಸ್ಸಿನಲ್ಲಿ ಬಂದು ಸೇರುತ್ತವೆ. ಪ್ರಾಥಮಿಕ ಶಾಲೆ ಊರಲ್ಲೇ ಇರುತ್ತದೆ, ಹೈಸ್ಕೂಲು ದೂರ. ಮುಟ್ಟು ಶುರುವಾಗುವುದು ಇದೇ ಹೊತ್ತಿಗೆ. ನೀರಿಲ್ಲದ, ಚಿಲಕವಿಲ್ಲದ ಶೌಚಾಲಯ ಇದ್ದರೆ ತಿಂಗಳಲ್ಲಿ ನಾಲ್ಕೈದು ದಿನ ಶಾಲೆ ತಪ್ಪುತ್ತದೆ. ದಾರಿಯಲ್ಲಿ ಯಾರೋ ಹಿಂದೆ ಬಿದ್ದರು ಅಂದರೆ, ಬಿದ್ದವನನ್ನು ಕೇಳುವ ಬದಲು ಇವಳನ್ನೇ ಮನೆಯಲ್ಲಿ ಕೂರಿಸುತ್ತಾರೆ. ಆಮೇಲೆ ‘ಹೇಗೂ ಮನೇಲಿದ್ದಾಳಲ್ಲ’ ಎಂದು ಸಂಬಂಧ ನೋಡಲು ಶುರು.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 20ರಿಂದ 24 ವರ್ಷದ ಹೆಣ್ಣುಮಕ್ಕಳಲ್ಲಿ ಶೇ 21ರಷ್ಟು ಜನರಿಗೆ 18 ತುಂಬುವ ಮೊದಲೇ ಮದುವೆ ಆಗಿತ್ತು. ಐದು ಜನರಲ್ಲಿ ಒಬ್ಬಳು! ಇದು ನಮ್ಮ ರಾಜ್ಯದ ಲೆಕ್ಕ, ದೂರದ್ದಲ್ಲ. ದೇಶದ ಹೆಚ್ಚಿನ ರಾಜ್ಯಗಳಲ್ಲಿ ಬಾಲ್ಯವಿವಾಹವನ್ನು ರದ್ದು ಮಾಡಿಸಲು ಹುಡುಗಿಯ ಕಡೆಯವರು ಕೋರ್ಟಿಗೆ ಹೋಗಬೇಕು. ಕರ್ನಾಟಕ ಕಾಯ್ದೆಗೆ ತಿದ್ದುಪಡಿ ತಂದು, ಅಂಥ ಮದುವೆ ಮೊದಲಿಂದಲೇ ಅಸಿಂಧು ಎಂದು ಮಾಡಿದೆ. ಅಂದರೆ ಕಾನೂನಿನ ಕಣ್ಣಲ್ಲಿ ಆ ಮದುವೆ ನಡೆದೇ ಇಲ್ಲ.

ಅಡ್ಡಿಗಳನ್ನು ತೆಗೆದರೆ ಹುಡುಗಿಯರು ಶಾಲೆಯಲ್ಲಿ ಉಳಿಯುತ್ತಾರೆ ಅನ್ನುವುದಕ್ಕೆ ನಮ್ಮ ಕಣ್ಣೆದುರೇ ಸಾಕ್ಷಿ ಇದೆ. ಎಂಟನೇ ಕ್ಲಾಸಿನ ಮಕ್ಕಳಿಗೆ ಸರ್ಕಾರ ಕೊಟ್ಟ ಸೈಕಲ್, ಮಧ್ಯಾಹ್ನದ ಅಕ್ಷರ ದಾಸೋಹ, ಕಸ್ತೂರಬಾ ಗಾಂಧಿ ಬಾಲಿಕಾ ವಸತಿ ಶಾಲೆಗಳು ಒಂದೊಂದು ಅಡ್ಡಿಗೆ ಒಂದೊಂದು ಉತ್ತರ. 2023ರ ಜೂನಿನಲ್ಲಿ ಶುರುವಾದ ಶಕ್ತಿ ಯೋಜನೆಯಿಂದ ಬಸ್ ಚಾರ್ಜ್ ಅನ್ನುವ ನೆಪವೂ ಹೋಗಿದೆ. 2011ರ ಜನಗಣತಿಯಲ್ಲಿ ಕರ್ನಾಟಕದ ಗಂಡಸರ ಸಾಕ್ಷರತೆ ಶೇ 82, ಹೆಂಗಸರದು ಶೇ 68 ಇತ್ತು. ಆ 14 ಅಂಕಗಳ ಅಂತರದ ಹಿಂದೆ ಇರುವುದು ಇಂಥ ಸಣ್ಣಸಣ್ಣ ಅಡ್ಡಿಗಳೇ.

ಅಫ್ಘಾನಿಸ್ತಾನದಲ್ಲಿ ಈಗ

ಮೊದಲನೇ ಪದರವೇ ಮುರಿದ ದೇಶ ಇವತ್ತೂ ಇದೆ. 2021ರ ಆಗಸ್ಟ್‌ನಲ್ಲಿ ಅಧಿಕಾರ ಹಿಡಿದ ತಾಲಿಬಾನ್, ಆರನೇ ತರಗತಿಯ ನಂತರ ಹುಡುಗಿಯರಿಗೆ ಶಾಲೆ ನಿಲ್ಲಿಸಿತು. 2022ರ ಮಾರ್ಚ್ 23ರಂದು ಹೈಸ್ಕೂಲು ತೆರೆಯುತ್ತೇವೆ ಎಂದಿದ್ದರು. ಹುಡುಗಿಯರು ಬ್ಯಾಗು ಹಾಕಿಕೊಂಡು ಹೋದರು. ಅದೇ ಬೆಳಿಗ್ಗೆ ವಾಪಸ್ ಕಳಿಸಿದರು. ಡಿಸೆಂಬರಿನಲ್ಲಿ ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾಲಯಗಳೂ ಮುಚ್ಚಿದವು. ಹೀಗೆ ಹೈಸ್ಕೂಲು ಕಳೆದುಕೊಂಡ ಹುಡುಗಿಯರು ಕನಿಷ್ಠ 14 ಲಕ್ಷ ಎಂದು ಯುನೆಸ್ಕೊ 2024ರಲ್ಲಿ ಹೇಳಿತು. 2025ರ ಜನವರಿಯಲ್ಲಿ ಇಸ್ಲಾಮಾಬಾದ್‌ನಲ್ಲಿ ಮುಸ್ಲಿಂ ಸಮುದಾಯಗಳ ಹೆಣ್ಣುಮಕ್ಕಳ ಶಿಕ್ಷಣದ ಬಗ್ಗೆ ಸಮ್ಮೇಳನ ನಡೆದಾಗ ಮಲಾಲಾ ಅಲ್ಲಿಗೆ ಹೋಗಿ ಈ ವಿಷಯವನ್ನೇ ಎತ್ತಿದರು. ಹುಡುಗಿಯರ ಓದನ್ನು ಧರ್ಮ ತಡೆಯುತ್ತದೆ ಎಂದು ಯಾರಾದರೂ ಹೇಳಿದರೆ ಇದನ್ನು ನೆನಪಿಸಿ. ಅಲ್ಲಿ ಸೇರಿದ್ದವರು ಮುಸ್ಲಿಂ ದೇಶಗಳ ಪ್ರತಿನಿಧಿಗಳು.

ಒಂಬತ್ತನೇ ಕ್ಲಾಸಿನ ಬಾಗಿಲಲ್ಲಿ ನಿಂತಿರುವವರಿಗೆ

ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಇಂಥ ಹುಡುಗಿ ಇದ್ದರೆ ಮೊದಲು ಶಾಲೆಯಿಂದ ಟಿಸಿ ಮತ್ತು ಅಂಕಪಟ್ಟಿ ತೆಗೆದುಕೊಳ್ಳಿ. ಹತ್ತಿರದ ಸರ್ಕಾರಿ ಹೈಸ್ಕೂಲು ಯಾವುದು, ಇಂಗ್ಲಿಷ್ ಮೀಡಿಯಂ ವಿಭಾಗ ಎಲ್ಲಿದೆ ಎಂದು ಕ್ಷೇತ್ರ ಶಿಕ್ಷಣಾಧಿಕಾರಿ, ಅಂದರೆ ಬಿಇಒ ಕಚೇರಿಯಲ್ಲಿ ವಿಚಾರಿಸಿ. ಕರ್ನಾಟಕ ಪಬ್ಲಿಕ್ ಸ್ಕೂಲ್‌ಗಳಲ್ಲಿ ಪಿಯುಸಿವರೆಗೆ ಒಂದೇ ಕಡೆ ಓದಬಹುದು, ಸೀಟು ಇದೆಯಾ ಕೇಳಿ. ಒಂಬತ್ತು, ಹತ್ತನೇ ಕ್ಲಾಸಿನ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನಕ್ಕೆ ರಾಜ್ಯ ವಿದ್ಯಾರ್ಥಿವೇತನದ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಜಾತಿ ಮತ್ತು ಆದಾಯ ಪ್ರಮಾಣಪತ್ರ, ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ ಮೊದಲೇ ಸಿದ್ಧ ಇದ್ದರೆ ಕೊನೆಯ ದಿನ ಓಡಾಡುವುದು ತಪ್ಪುತ್ತದೆ.

ಈಗಾಗಲೇ ಶಾಲೆ ಬಿಟ್ಟಿದ್ದರೂ ದಾರಿ ಮುಚ್ಚಿಲ್ಲ. ಖಾಸಗಿ ಅಭ್ಯರ್ಥಿಯಾಗಿ ಎಸ್‌ಎಸ್‌ಎಲ್‌ಸಿ ಕಟ್ಟಬಹುದು, ಮುಕ್ತ ಶಾಲೆಯ ಮೂಲಕವೂ ಬರೆಯಬಹುದು. ಸರ್ಕಾರಿ ಶಾಲೆಯ ಸಮಸ್ಯೆ ಇದ್ದರೆ ಎಸ್‌ಡಿಎಂಸಿಯಲ್ಲಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ, ಎತ್ತಿ. ಅದರಲ್ಲಿ ಪೋಷಕರೇ ಹೆಚ್ಚಿನ ಸಂಖ್ಯೆಯಲ್ಲಿರುತ್ತಾರೆ. ಮಗುವನ್ನು ಕೆಲಸಕ್ಕೆ ಇಟ್ಟಿದ್ದಾರೆ, ಮದುವೆ ಮಾಡಲು ಹೊರಟಿದ್ದಾರೆ ಎಂದು ಗೊತ್ತಾದರೆ 1098ಕ್ಕೆ ಫೋನ್ ಮಾಡಿ. ಇದು ಮಕ್ಕಳ ಸಹಾಯವಾಣಿ, ಕರೆ ಉಚಿತ, ಹಗಲು ರಾತ್ರಿ ಇರುತ್ತದೆ. ಹುಡುಗಿ ತಾನೇ ಕರೆ ಮಾಡಬಹುದು. ನಂಬರನ್ನು ಅವಳ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದುಕೊಡಿ.